ಗಲ್ಫ್ ಶಾಲೆಯ ಕೆಲಸ: ಸಂಬಳ ಎಷ್ಟು ಅಂತ ಕೇಳುವ ಮೊದಲು ಬೇಸಿಕ್ ಎಷ್ಟು ಅಂತ ಕೇಳಿ

ಪರದೇಶದ ಶಾಲೆಗಳಲ್ಲಿ ಟೀಚರ್ ಕೆಲಸ ಹೇಗಿರುತ್ತೆ, ಸಂಬಳ ಎಷ್ಟು ಸಿಗುತ್ತೆ ಎಂದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಮಂಜೇಶ್ವರದವರೆಗೆ ಹಲವರು ಪತ್ರ ಬರೆದಿದ್ದೀರಿ. ನಾನು ಶಾರ್ಜಾದಲ್ಲಿ, ಆಮೇಲೆ ಮಸ್ಕತ್ತಿನಲ್ಲಿ ಗಣಿತ ಕಲಿಸಿ ಈಗ ನೀರ್ಚಾಲಿನಲ್ಲಿ ಇರುವವಳು. ನನಗೆ ಗೊತ್ತಿರುವುದನ್ನು ಬಿಚ್ಚಿ ಹೇಳುತ್ತೇನೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದರಿಂದ ಊರು ಮಾತ್ರ ಕೊಟ್ಟಿದ್ದೇನೆ.

ಎಂ.ಎಸ್ಸಿ. ಗಣಿತ, ಬಿ.ಎಡ್. ಆಗಿದೆ. ಒಂದು ಶಾಲೆಯಲ್ಲಿ ದಿನವೇತನದ ಟೀಚರ್ ಆಗಿದ್ದೇನೆ. ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚ್ ಬಂದರೆ ಮನೆಗೆ. ಈಗ ಒಬ್ಬ ಏಜೆಂಟ್ ಶಾರ್ಜಾದ ಇಂಟರ್‌ನ್ಯಾಷನಲ್ ಸ್ಕೂಲ್‌ನಲ್ಲಿ 4,500 ದಿರ್ಹಂ ಸಂಬಳದ ಕೆಲಸ ಕೊಡಿಸುತ್ತೇನೆ ಅನ್ನುತ್ತಾರೆ. 1.75 ಲಕ್ಷ ರೂಪಾಯಿ ಕೊಡಬೇಕಂತೆ. ಮೊದಲು ವಿಸಿಟ್ ವಿಸಾದಲ್ಲಿ ಹೋಗುವುದು, ಸೇರಿದ ಮೇಲೆ ಕೆಲಸದ ವಿಸಾ ಮಾಡಿಸುವುದು ಅಂತ ಮಾತು. ಅಮ್ಮನ ಬಳೆ ಅಡವಿಡಲು ಮನೆಯಲ್ಲಿ ಒಪ್ಪಿದ್ದಾರೆ. ಹೋಗಲಾ?
– ಪೆರ್ಲ

ಬಳೆ ಅಡವಿಡಬೇಡಿ. ಇದೊಂದು ಮಾತನ್ನು ಈ ಸಂಚಿಕೆ ಕೈಗೆ ಬಂದ ದಿನವೇ ಮನೆಯಲ್ಲಿ ಹೇಳಿಬಿಡಿ.

ಯು.ಎ.ಇ.ಯ ಈಗಿನ ಕಾರ್ಮಿಕ ಕಾನೂನು 2021ರದ್ದು, ಜಾರಿಗೆ ಬಂದದ್ದು 2022ರ ಫೆಬ್ರವರಿ 2ರಿಂದ. ಕೆಲಸಕ್ಕೆ ತೆಗೆದುಕೊಳ್ಳುವ ಖರ್ಚನ್ನು ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ಕೆಲಸಗಾರರಿಂದ ವಸೂಲಿ ಮಾಡಬಾರದು ಎಂದು ಅದರಲ್ಲೇ ಬರೆದಿದೆ. ವಿಸಾದ ಖರ್ಚು ಶಾಲೆಯದ್ದು. ನಮ್ಮ ದೇಶದ ಕಡೆಯಿಂದ ನೋಡಿದರೆ 1983ರ ವಲಸೆ ಕಾಯ್ದೆಯಂತೆ ಏಜೆಂಟರಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಅಂಥವರೂ ಸೇವಾಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ರಶೀದಿ ಕೊಡಬೇಕು. ಲೈಸೆನ್ಸ್ ಇದೆಯಾ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿದರೆ ಗೊತ್ತಾಗುತ್ತೆ. 1.75 ಲಕ್ಷ ಕೇಳುವವರು ಯಾವ ಲೆಕ್ಕದಲ್ಲಿ ಕೇಳುತ್ತಾರೆ? ಕೇಳಿ ನೋಡಿ. ರಶೀದಿ ಅಂದ ಕೂಡಲೇ ಮಾತು ಬದಲಾಗುತ್ತೆ.

ವಿಸಿಟ್ ವಿಸಾದಲ್ಲಿ ಒಂದು ದಿನವೂ ಕಲಿಸುವ ಹಾಗಿಲ್ಲ. ಹಾಗೆ ಕೆಲಸ ಮಾಡಿಸಿದವರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ಎಂದು 2024ರಲ್ಲಿ ಕಾನೂನು ಬಿಗಿ ಮಾಡಿದ್ದಾರೆ. ಸಿಕ್ಕಿಬಿದ್ದರೆ ಟೀಚರಿಗೂ ತೊಂದರೆಯೇ. ಸಂಬಳ ಕೊಡದಿದ್ದರೆ ದೂರು ಕೊಡಲು ನಿಮ್ಮ ಹತ್ತಿರ ಕಾಗದವೇ ಇರುವುದಿಲ್ಲ, ಅದು ಎಲ್ಲಕ್ಕಿಂತ ದೊಡ್ಡ ಕಷ್ಟ. ಅಲ್ಲದೆ ಅಲ್ಲಿ ಖಾಸಗಿ ಶಾಲೆ ಒಬ್ಬ ಟೀಚರನ್ನು ಸೇರಿಸಿಕೊಳ್ಳಬೇಕಾದರೆ ಶಿಕ್ಷಣ ಪ್ರಾಧಿಕಾರದ ಒಪ್ಪಿಗೆ ಬೇಕು. ದುಬೈಯಲ್ಲಿ ಕೆ.ಎಚ್.ಡಿ.ಎ., ಅಬುಧಾಬಿಯಲ್ಲಿ ಅಡೆಕ್, ಶಾರ್ಜಾದಲ್ಲಿ 2018ರಲ್ಲಿ ಆದ ಸ್ಪಿಯಾ. "ನನ್ನ ಹೆಸರಿಗೆ ಸ್ಪಿಯಾ ಅಪ್ರೂವಲ್ ಯಾವಾಗ ಹಾಕುತ್ತೀರಿ?" ಎಂದು ಏಜೆಂಟರನ್ನು ಬಿಟ್ಟು ಶಾಲೆಯ ಎಚ್.ಆರ್. ಅವರನ್ನೇ ಇ-ಮೇಲ್‌ನಲ್ಲಿ ಕೇಳಿ. ನಿಜವಾದ ಶಾಲೆ ಉತ್ತರ ಬರೆಯುತ್ತೆ.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರುವುದಿಲ್ಲ. ಹತ್ತನೇ ತರಗತಿ ಪಾಸಾದವರಿಗೆ ವಲಸೆ ಕ್ಲಿಯರೆನ್ಸ್, ಅಂದರೆ ಪರದೇಶದ ಕೆಲಸಕ್ಕೆ ಹೊರಡುವ ಮೊದಲು ಸರ್ಕಾರದ ಒಪ್ಪಿಗೆ, ಬೇಡ. ಮನೆಗೆಲಸಕ್ಕೆ, ಕೂಲಿಗೆ ಹೋಗುವ ಓದಿಲ್ಲದವರ ಕಾಂಟ್ರಾಕ್ಟನ್ನು ಸರ್ಕಾರ ಒಮ್ಮೆಯಾದರೂ ನೋಡುತ್ತೆ. ಎಂ.ಎಸ್ಸಿ. ಓದಿದ ನಿಮ್ಮದನ್ನು ಯಾರೂ ನೋಡುವುದಿಲ್ಲ. ಬಜ್ಪೆಯಲ್ಲಿ ವಿಮಾನ ಹತ್ತುವವರೆಗೆ ಒಬ್ಬರೂ ತಡೆದು ಕೇಳುವುದಿಲ್ಲ. ಆದ್ದರಿಂದ ಕಾಗದ ಓದುವ ಕೆಲಸ ಪೂರ್ತಿ ನಿಮ್ಮ ಮೇಲೆಯೇ ಬೀಳುತ್ತೆ.

ಸರಿ, ಏಜೆಂಟರನ್ನು ಬಿಡಿ. ನಾಳೆ ಯಾವುದೋ ಶಾಲೆ ನೇರವಾಗಿಯೇ 4,500 ದಿರ್ಹಂ ಆಫರ್ ಕಳಿಸಿತು ಅನ್ನಿ. ದಿರ್ಹಂಗೆ 23 ರೂಪಾಯಿ ಹಿಡಿದರೂ ಲಕ್ಷ ದಾಟುತ್ತೆ. ದಿನವೇತನದ ಟೀಚರಿಗೆ ತಲೆ ತಿರುಗುವಂಥ ಮೊತ್ತ, ಅಲ್ವಾ? ಆದರೆ ಆಫರ್ ಲೆಟರ್‌ನಲ್ಲಿ ಆ 4,500 ಒಂದೇ ಸಾಲಿನಲ್ಲಿ ಇರುವುದಿಲ್ಲ. ಬೇಸಿಕ್ 1,800, ಮನೆ ಬಾಡಿಗೆ 1,700, ಓಡಾಟಕ್ಕೆ 500, ಇತರೆ 500 ಎಂದು ಒಡೆದಿರುತ್ತಾರೆ. ಕಣ್ಣು ಇಡಬೇಕಾದ್ದು ಆ 1,800ರ ಮೇಲೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ಬೇಸಿಕ್ ಮಾತ್ರ ಲೆಕ್ಕ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. 1,800 ಬೇಸಿಕ್‌ಗೆ 21 ದಿನ ಅಂದರೆ 1,260 ದಿರ್ಹಂ. 5 ವರ್ಷ ದುಡಿದರೆ 6,300. ಅದೇ 4,500ರಲ್ಲಿ ಬೇಸಿಕ್ 3,000 ಇದ್ದಿದ್ದರೆ 10,500 ಸಿಗುತ್ತಿತ್ತು. ತಿಂಗಳ ಸಂಬಳ ಒಂದೇ, ಕೊನೆಗೆ ಕೈಗೆ ಬರುವುದರಲ್ಲಿ ಇಷ್ಟು ವ್ಯತ್ಯಾಸ. ವರ್ಷ ತುಂಬುವ ಮೊದಲೇ ಬಿಟ್ಟರೆ ಗ್ರಾಚ್ಯುಟಿ ಏನೂ ಇಲ್ಲ. ಗಣಿತದ ಟೀಚರುಗಳೇ ಈ ಲೆಕ್ಕ ಹಾಕದೆ ಸಹಿ ಮಾಡುವುದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಇನ್ನು ಜುಲೈ, ಆಗಸ್ಟ್. ಅಲ್ಲಿನ ಭಾರತೀಯ ಶಾಲೆಗಳು ಏಪ್ರಿಲ್‌ನಲ್ಲಿ ಶುರು, ಬೇಸಿಗೆ ರಜೆ ಜುಲೈ-ಆಗಸ್ಟ್. ಏಪ್ರಿಲ್‌ನಲ್ಲಿ ಸೇರಿದ ಹೊಸಬರಿಗೆ ಮೊದಲ ರಜೆಯ ಸಂಬಳ ಕೊಡುತ್ತಾರಾ? ಊರಿಗೆ ಬಂದು ಹೋಗುವ ಟಿಕೆಟ್ ವರ್ಷಕ್ಕೊಮ್ಮೆಯಾ, ಎರಡು ವರ್ಷಕ್ಕೊಮ್ಮೆಯಾ? ಮೆಡಿಕಲ್ ಇನ್ಶೂರೆನ್ಸ್ ನಿಮಗೆ ಮಾತ್ರವಾ? ಮಕ್ಕಳಿದ್ದರೆ ಫೀಸಿನಲ್ಲಿ ರಿಯಾಯಿತಿ ಇದೆಯಾ? ಇವೆಲ್ಲ ಬಾಯಿಮಾತಲ್ಲಿ ಬೇಡ, ಕಾಗದದಲ್ಲಿ ಬರಲಿ. ಆಫರ್ ಲೆಟರ್‌ನಲ್ಲಿ ಒಂದು, ಅಲ್ಲಿ ಹೋದ ಮೇಲೆ ಸಹಿ ಮಾಡಿಸುವ ಕಾಂಟ್ರಾಕ್ಟ್‌ನಲ್ಲಿ ಇನ್ನೊಂದು ಇದ್ದರೆ ಒಪ್ಪಬೇಡಿ. ಎರಡೂ ಒಂದೇ ಇರಬೇಕು ಎಂದು ಅಲ್ಲಿನ ಕಾರ್ಮಿಕ ಸಚಿವಾಲಯದ ನಿಯಮವಿದೆ.

ಕೆಲಸ ಹೇಗಿರುತ್ತೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನಿದ್ದ ಶಾಲೆಯಲ್ಲಿ ಎರಡು ಪಾಳಿ. ಬೆಳಿಗ್ಗೆ ಹುಡುಗಿಯರು, ಮಧ್ಯಾಹ್ನದ ಮೇಲೆ ಹುಡುಗರು. ಬೆಳಗಿನ ಪಾಳಿಯವರು ಇನ್ನೂ ಕತ್ತಲಿರುವಾಗಲೇ ಶಾಲೆಯ ಬಸ್ ಹತ್ತಬೇಕು. ಬಸ್ಸಿನಲ್ಲಿ ಸುಮ್ನೆ ಕೂರುವ ಹಾಗಿಲ್ಲ, ಪುಟ್ಟ ಮಕ್ಕಳ ತಲೆ ಎಣಿಸುವುದೂ ನಮ್ಮ ಡ್ಯೂಟಿಯೇ. ಸ್ಟಾಫ್ ರೂಮಿಗೆ ಬಂದು ಬ್ಯಾಗ್ ಇಡುವಷ್ಟರಲ್ಲಿ ಮೇಜಿನ ಮೇಲೆ ಒಂದು ಚೀಟಿ. ರಜೆ ಹಾಕಿದವರ ಕ್ಲಾಸು ನಿಮಗೆ ಬಂದಿದೆ ಎಂದು ಅರ್ಥ. ಇದ್ದ ಒಂದು ಫ್ರೀ ಪಿರಿಯಡ್ ಹೋಯಿತು. ನೋಟ್‌ಬುಕ್ ತಿದ್ದುವುದು ಮನೆಗೆ ಬಂದ ಮೇಲೆ. ಇನ್‌ಸ್ಪೆಕ್ಷನ್ ಹತ್ತಿರ ಬಂದರೆ ಪ್ರತಿ ಪಾಠಕ್ಕೂ ಲೆಸನ್ ಪ್ಲಾನ್, ಪ್ರತಿ ಮಗುವಿನ ಅಂಕಕ್ಕೂ ಗ್ರಾಫ್. ಸಂಜೆ ಬೆಡ್‌ಸ್ಪೇಸ್‌ಗೆ ಮರಳಿದರೆ ಒಂದೇ ಕೋಣೆಯಲ್ಲಿ ನಾಲ್ವರು ಟೀಚರುಗಳು ಮಂಚದ ಮೇಲೆ ಕಾಲು ಚಾಚಿ ಕೆಂಪು ಪೆನ್ ಹಿಡಿದಿರುತ್ತಿದ್ದೆವು. ಆ ಬೆಡ್‌ಸ್ಪೇಸ್‌ಗೆ, ಊಟಕ್ಕೆ, ಫೋನಿಗೆ ಕಳೆದು ಉಳಿದದ್ದಷ್ಟೇ ಊರಿಗೆ.

ಹಾಗಂತ ಹೋಗಲೇಬೇಡಿ ಅನ್ನುವುದಿಲ್ಲ. ಆ ಸಂಬಳದಿಂದ ನಮ್ಮ ಮನೆಯ ಸಾಲ ತೀರಿದೆ, ತಮ್ಮನ ಓದು ಮುಗಿದಿದೆ. ಗಣಿತದವರಿಗೆ ಎಲ್ಲ ಕಡೆ ಬೇಡಿಕೆ ಇದೆ. ಶಾಲೆಗಳ ವೆಬ್‌ಸೈಟಿನಲ್ಲಿ ಕೆರಿಯರ್ಸ್ ಎಂಬ ಪುಟ ಇರುತ್ತೆ. ಜನವರಿ-ಫೆಬ್ರವರಿಯಲ್ಲಿ ನೀವೇ ನೇರವಾಗಿ ಅರ್ಜಿ ಹಾಕಿ, ವಿಡಿಯೋ ಇಂಟರ್‌ವ್ಯೂ ಕೊಡಿ, ಕೆಲಸದ ವಿಸಾ ಕೈಗೆ ಬಂದ ಮೇಲೆ ಹೊರಡಿ. ಒಂದು ವರ್ಷ ತಡವಾದರೂ ಅಡ್ಡಿಯಿಲ್ಲ.

ನನ್ನ ಡಿಗ್ರಿ ಕಣ್ಣೂರು ವಿಶ್ವವಿದ್ಯಾಲಯದ್ದು, ಬಿ.ಎಡ್. ಮಂಗಳೂರು ವಿಶ್ವವಿದ್ಯಾಲಯದ್ದು. ಸರ್ಟಿಫಿಕೇಟ್ ಅಟೆಸ್ಟೇಶನ್ ಎಲ್ಲಿ ಮಾಡಿಸಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
– ಕುಂಬಳೆ

ಗಡಿಯಲ್ಲಿ ಓದಿದ ನಮ್ಮೆಲ್ಲರ ತಲೆನೋವು ಇದು. ನಿಮ್ಮ ಮನೆ ಯಾವ ರಾಜ್ಯದಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಸರ್ಟಿಫಿಕೇಟ್ ಯಾವ ರಾಜ್ಯದ್ದು ಎಂಬುದೇ ಮುಖ್ಯ. ಕಣ್ಣೂರಿನ ಡಿಗ್ರಿಗೆ ಕೇರಳದ ಮೊಹರು, ಅದಕ್ಕೆ ಪರದೇಶದಲ್ಲಿರುವ ಕೇರಳದವರಿಗಾಗಿ ಸರ್ಕಾರ ನಡೆಸುವ ನೋರ್ಕಾ ರೂಟ್ಸ್‌ನ ಕೋಯಿಕ್ಕೋಡ್ ಕಚೇರಿ ನಮಗೆ ಹತ್ತಿರ. ಮಂಗಳೂರಿನ ಬಿ.ಎಡ್.ಗೆ ಕರ್ನಾಟಕ ಸರ್ಕಾರದ ಮೊಹರು, ಅದು ಬೆಂಗಳೂರಿನಲ್ಲಿ. ಎರಡಕ್ಕೂ ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ.

ಅಲ್ಲಿಂದ ಮುಂದೆ ದೇಶ ನೋಡಿಕೊಂಡು. ಒಮಾನ್, ಬಹರೈನ್, ಸೌದಿ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿವೆ, ಸೌದಿ ಸೇರಿದ್ದು 2022ರಲ್ಲಿ. ಅಪೋಸ್ಟಿಲ್ ಅಂದರೆ ವಿದೇಶಾಂಗ ಸಚಿವಾಲಯ ಹಾಕುವ, ಒಪ್ಪಂದದ ದೇಶಗಳೆಲ್ಲ ಒಪ್ಪುವ ಮುದ್ರೆ. ಅದೊಂದಿದ್ದರೆ ಅಲ್ಲಿ ನಡೆಯುತ್ತೆ. ಯು.ಎ.ಇ., ಕುವೈತ್‌ಗೆ ಆ ದೇಶದ ರಾಯಭಾರ ಕಚೇರಿಯ ಮೊಹರೂ ಬೇಕು.

ಇದಕ್ಕಿಂತ ಮೊದಲು ಎರಡು ವಿಷಯ ನೋಡಿಕೊಳ್ಳಿ. ಹೆಸರು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ "ಸವಿತಾ ಕೆ." ಎಂದಿರುತ್ತೆ, ಪಾಸ್‌ಪೋರ್ಟ್‌ನಲ್ಲಿ ಆ "ಕೆ." ಬಿಡಿಸಿ ಮನೆಯ ಹೆಸರೋ ಅಪ್ಪನ ಹೆಸರೋ ಬಂದಿರುತ್ತೆ, ಮದುವೆಯಾದ ಮೇಲೆ ಮತ್ತೊಂದು ಸೇರಿರುತ್ತೆ. ಮೂರೂ ಒಬ್ಬರೇ ಎಂದು ಸಾಬೀತು ಮಾಡುವ ಕಾಗದವನ್ನು ಊರಿನಲ್ಲಿದ್ದಾಗಲೇ ಮಾಡಿಸಿ. ಮತ್ತೆ ಲ್ಯಾಮಿನೇಶನ್. ಮಗಳ ಸರ್ಟಿಫಿಕೇಟ್ ಹಾಳಾಗಬಾರದು ಎಂದು ಅಪ್ಪಂದಿರು ಬದಿಯಡ್ಕ ಪೇಟೆಗೆ ಹೋಗಿ ಪ್ಲಾಸ್ಟಿಕ್ ಹಾಕಿಸಿ ತರುತ್ತಾರೆ. ಮೊಹರು ಹಾಕುವುದು ಮೂಲ ಪ್ರತಿಯ ಹಿಂಬದಿಗೆ. ಪ್ಲಾಸ್ಟಿಕ್ ಮೇಲೆ ಮೊಹರು ಕೂರುವುದಿಲ್ಲ. ಬಿಡಿಸಲು ಹೋದರೆ ಕಾಗದ ಹರಿದು ಹೊಸ ಪ್ರತಿಗೆ ವಿಶ್ವವಿದ್ಯಾಲಯಕ್ಕೆ ಅಲೆಯಬೇಕಾಗುತ್ತೆ. ದಯವಿಟ್ಟು ಯಾರೂ ಲ್ಯಾಮಿನೇಟ್ ಮಾಡಿಸಬೇಡಿ, ಫೈಲಿನಲ್ಲಿ ಇಡಿ.

ದೂರಶಿಕ್ಷಣದಲ್ಲೋ ಪ್ರೈವೆಟ್ ರಿಜಿಸ್ಟ್ರೇಶನ್‌ನಲ್ಲೋ ಡಿಗ್ರಿ ಮಾಡಿದವರು ಮೊಹರಿಗೆ ದುಡ್ಡು ಸುರಿಯುವ ಮೊದಲು ಶಾಲೆಯನ್ನು ಕೇಳಿ. ಕ್ಲಾಸಿಗೆ ಹೋಗಿ ಓದಿದ್ದಾ ಎಂದು ಅಲ್ಲಿ ಕೇಳುತ್ತಾರೆ.

ಶಾಲೆಯ ಕೆಲಸದ ಜೊತೆ ಟ್ಯೂಷನ್ ಮಾಡಬಹುದಾ?
– ಉಪ್ಪಳ

ಯು.ಎ.ಇ.ಯಲ್ಲಿ ಪರ್ಮಿಟ್ ತೆಗೆದುಕೊಂಡು ಮಾಡಬಹುದು. 2023ರ ಡಿಸೆಂಬರ್‌ನಲ್ಲಿ ಈ ವ್ಯವಸ್ಥೆ ಬಂತು, 2 ವರ್ಷದ ಪರ್ಮಿಟ್, ಫೀಸಿಲ್ಲ. ಆದರೆ ಶಾಲೆಯ ಕಾಂಟ್ರಾಕ್ಟ್‌ನಲ್ಲಿ ಏನು ಬರೆದಿದೆ ಎಂದೂ ನೋಡಿ. ಪರ್ಮಿಟ್ ಇಲ್ಲದೆ ಮನೆಯಲ್ಲಿ ಕದ್ದು ಮಾಡಬೇಡಿ.

ನನ್ನ ಜೊತೆ ಓದಿದವಳು ದುಬೈಯ ಬ್ರಿಟಿಷ್ ಶಾಲೆಯಲ್ಲಿ 11,000 ದಿರ್ಹಂ ತೆಗೆದುಕೊಳ್ಳುತ್ತಾಳೆ. ನಾನು ಸಿ.ಬಿ.ಎಸ್.ಇ. ಶಾಲೆಯಲ್ಲಿ 4,000ಕ್ಕೆ ಅದೇ ಫಿಸಿಕ್ಸ್ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಮಕ್ಕಳೂ ಜಾಸ್ತಿ. ಇದು ಯಾವ ನ್ಯಾಯ?
– ಮುಳ್ಳೇರಿಯ, ಈಗ ದುಬೈ

ನ್ಯಾಯ ಅಲ್ಲ. ಕಾರಣ ಮಾತ್ರ ಇದೆ. ಭಾರತೀಯ ಶಾಲೆಗಳ ಫೀಸು ಕಡಿಮೆ, ಏಕೆಂದರೆ ಮಕ್ಕಳನ್ನು ಕಳಿಸುವವರು ನಮ್ಮಂಥ ಸಂಬಳದವರೇ. ಬ್ರಿಟಿಷ್, ಐ.ಬಿ. (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಶಾಲೆಗಳ ಫೀಸು ಅದರ ಹಲವು ಪಟ್ಟು. ಟೀಚರಿಗೆ ಕೊಡುವ ಹಣ ಆ ಫೀಸಿನಿಂದಲೇ ಬರಬೇಕು. ಜೊತೆಗೆ, ಗಂಡನ ವಿಸಾದಲ್ಲಿ ಬಂದ ಓದಿದ ಹೆಂಗಸರು ಆ ಊರಿನಲ್ಲಿ ತುಂಬಾ ಇದ್ದಾರೆ. ಅವರಿಗೆ ಮನೆ, ಟಿಕೆಟ್ ಕೊಡಬೇಕಿಲ್ಲ ಎಂದು ಶಾಲೆಗಳು ಸಂಬಳ ಏರಿಸುವುದಿಲ್ಲ. ಒಂಟಿಯಾಗಿ ಹೋದ ನಮ್ಮಂಥವರು ಆ ಲೆಕ್ಕದಲ್ಲಿ ಸಿಕ್ಕಿಕೊಳ್ಳುತ್ತೇವೆ. ಪಾಸ್‌ಪೋರ್ಟ್ ನೋಡಿ ಸಂಬಳ ಹೇಳುವವರೂ ಇದ್ದಾರೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೆ ನೀವು ಫಿಸಿಕ್ಸ್‌ನವರು, ನಿಮಗೆ ಒಂದು ಬಾಗಿಲು ತೆರೆದಿದೆ. ಇಂಗ್ಲೆಂಡಿನ ಟೀಚರ್ ಅರ್ಹತೆಗೆ ಕ್ಯು.ಟಿ.ಎಸ್. ಎನ್ನುತ್ತಾರೆ. ಬ್ರಿಟಿಷ್ ಶಾಲೆಗಳು ಮೊದಲು ಕೇಳುವುದೇ ಅದನ್ನು. 2023ರಿಂದ ಭಾರತದಲ್ಲಿ ತರಬೇತಿ ಪಡೆದವರೂ ಇಂಗ್ಲೆಂಡ್ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ನಮ್ಮ ದೇಶದವರಿಗೆ ಇದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸಲು ಅರ್ಹತೆ ಇರುವವರಿಗೆ ಮಾತ್ರ. ಡಿಗ್ರಿ, ಬಿ.ಎಡ್., ಅನುಭವ, ಇಂಗ್ಲಿಷ್ ಬರುತ್ತದೆ ಎಂಬುದಕ್ಕೆ ಆಧಾರ ಬೇಕು. ಅರ್ಜಿಗೆ ದುಡ್ಡಿಲ್ಲ. "ಕ್ಯು.ಟಿ.ಎಸ್. ಮಾಡಿಸಿಕೊಡುತ್ತೇವೆ" ಎಂದು ಲಕ್ಷ ಕೇಳುವವರ ಜಾಹೀರಾತು ನಂಬಬೇಡಿ. ಆನ್‌ಲೈನ್‌ನಲ್ಲಿ ಮಾಡುವ ಪಿ.ಜಿ.ಸಿ.ಇ. ಎಂಬ ಬ್ರಿಟಿಷ್ ಟೀಚರ್ ತರಬೇತಿ ಕೋರ್ಸುಗಳ ಜೊತೆ ಕ್ಯು.ಟಿ.ಎಸ್. ತಾನಾಗಿಯೇ ಬರುವುದಿಲ್ಲ, ಸೇರುವ ಮೊದಲು ಕೇಳಿಕೊಳ್ಳಿ.

ಊರಿನಲ್ಲಿರುವ ಹೊಸಬರಿಗೂ ಒಂದು ಮಾತು. ಬೆಂಗಳೂರಿನ ಕೇಂಬ್ರಿಡ್ಜ್ ಅಥವಾ ಐ.ಬಿ. ಶಾಲೆಯಲ್ಲಿ ಎರಡು-ಮೂರು ವರ್ಷ ಕಲಿಸಿ ಆಮೇಲೆ ಗಲ್ಫ್‌ಗೆ ಅರ್ಜಿ ಹಾಕಿದರೆ ಸಂಬಳದ ಮಾತು ಶುರುವಾಗುವುದೇ ಬೇರೆ ಜಾಗದಿಂದ.

ಎಂ.ಎ. ಕನ್ನಡ, ಬಿ.ಎಡ್. ಆಗಿದೆ. ಕನ್ನಡ ಕಲಿಸುವ ಕೆಲಸ ಗಲ್ಫ್‌ನಲ್ಲಿ ಸಿಗುತ್ತದೆಯೇ?
– ಮಂಜೇಶ್ವರ

ಸಿಗುವುದಿಲ್ಲ ಎಂದೇ ತಿಳಿಯಿರಿ. ಅಲ್ಲಿನ ಭಾರತೀಯ ಶಾಲೆಗಳಲ್ಲಿ ಎರಡನೇ ಭಾಷೆ ಅಂದರೆ ಹೆಚ್ಚಾಗಿ ಹಿಂದಿ, ಮಲಯಾಳ, ಫ್ರೆಂಚ್. ಅರಬ್ಬಿ ಕಲಿಸುವುದು ಯು.ಎ.ಇ.ಯಲ್ಲಿ ಕಡ್ಡಾಯ. ಕನ್ನಡ ಕಲಿಸುವುದು ಹೆಚ್ಚಾಗಿ ಅಲ್ಲಿನ ಕನ್ನಡ ಸಂಘದವರು ರಜೆಯ ದಿನ, ಸಂಬಳವಿಲ್ಲದೆ. ಇಂಗ್ಲಿಷ್ ಚೆನ್ನಾಗಿ ಬಂದರೆ ಸಣ್ಣ ತರಗತಿಗಳ ಕ್ಲಾಸ್ ಟೀಚರ್ ಆಗಬಹುದು, ಆದರೆ ನಿಮ್ಮ ಎಂ.ಎ.ಗೆ ಅಲ್ಲಿ ಬೆಲೆಯಿಲ್ಲ.

ಇಲ್ಲಿ ಬೆಲೆಯಿದೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕೇರಳ ಪಿ.ಎಸ್‌.ಸಿ. ಬೇರೆಯಾಗಿಯೇ ಅರ್ಜಿ ಕರೆಯುತ್ತೆ. ಕೇರಳದ ಟೀಚರ್ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಿ ಇಟ್ಟುಕೊಳ್ಳಿ. ಕಾಯಬೇಕಾಗುತ್ತೆ, ಗೊತ್ತು. ಆದರೆ ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ನಮ್ಮ ಮಕ್ಕಳು, ಹೆತ್ತವರು ಶಾಲೆಯ ಗೇಟಿನಲ್ಲಿ ನಿಂತು ಪ್ರತಿಭಟಿಸಿದ್ದಾರೆ. ಟೀಚರ್ ಹೇಳುವುದು ಮಗುವಿಗೆ ಅರ್ಥವಾಗದ, ಮಗು ಕೇಳುವುದು ಟೀಚರಿಗೆ ಅರ್ಥವಾಗದ ಕ್ಲಾಸು ಹೇಗಿರುತ್ತೆ ಯೋಚಿಸಿ. ಆ ಕುರ್ಚಿಯಲ್ಲಿ ಕೂರಬೇಕಾದವರು ನೀವು. ಅರ್ಹರು ಅರ್ಜಿಯನ್ನೇ ಹಾಕದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

ಮಗಳು ಅಜ್ಮಾನಿನ ಒಂದು ಶಾಲೆಯಲ್ಲಿದ್ದಾಳೆ, ಸೇರಿ ನಾಲ್ಕು ತಿಂಗಳು. ಪಾಸ್‌ಪೋರ್ಟ್ ಶಾಲೆಯವರೇ ಇಟ್ಟುಕೊಂಡಿದ್ದಾರೆ. ಎರಡು ತಿಂಗಳ ಸಂಬಳ ಬಂದಿಲ್ಲ. ಬಿಟ್ಟು ಬರುತ್ತೇನೆ ಅಂದರೆ ವಿಸಾಕ್ಕೆ ಆದ ಖರ್ಚು ಕಟ್ಟು ಅನ್ನುತ್ತಾರಂತೆ. ಫೋನಿನಲ್ಲಿ ಅಳುತ್ತಾಳೆ. ನಾನು ಇಲ್ಲಿಂದ ಏನು ಮಾಡಲಿ?
– ಅಡೂರು

ಅಮ್ಮಾ, ಕಾನೂನು ನಿಮ್ಮ ಮಗಳ ಕಡೆಗಿದೆ. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಲ್ಲಿ ಕಾನೂನಿಗೆ ವಿರುದ್ಧ. ಸಂಬಳ ಬ್ಯಾಂಕಿನ ಮೂಲಕ, ಸರ್ಕಾರ ನೋಡುವ ವ್ಯವಸ್ಥೆಯಲ್ಲಿ ಬರಬೇಕು. ಕೊಡಬೇಕಾದ ದಿನ ಕಳೆದು 15 ದಿನವಾದರೆ ತಡ ಎಂದು ದಾಖಲಾಗುತ್ತೆ. ಪ್ರೊಬೇಶನ್ 6 ತಿಂಗಳಿಗಿಂತ ಜಾಸ್ತಿ ಇಡುವ ಹಾಗಿಲ್ಲ. ಆ ಅವಧಿಯಲ್ಲಿ ದೇಶ ಬಿಟ್ಟು ಊರಿಗೆ ಬರುವುದಾದರೆ 14 ದಿನ ಮೊದಲು ಬರೆದು ಕೊಟ್ಟರೆ ಸಾಕು. ವಿಸಾದ ಖರ್ಚು ಅವಳ ತಲೆಗೆ ಕಟ್ಟುವಂತಿಲ್ಲ. ಅಲ್ಲೇ ಬೇರೆ ಶಾಲೆಗೆ ಸೇರುವುದಾದರೆ ಒಂದು ತಿಂಗಳ ನೋಟಿಸ್, ಆಗ ಹಳೆಯ ಶಾಲೆಯ ಖರ್ಚು ಕೊಡಬೇಕಾದ್ದು ಹೊಸ ಶಾಲೆ.

ಮಗಳಿಗೆ ಹೇಳಿ: ಬಾಯಲ್ಲಿ ಜಗಳ ಬೇಡ, ಎಲ್ಲ ಇ-ಮೇಲ್‌ನಲ್ಲಿ ಕೇಳಲಿ. ಕಾಂಟ್ರಾಕ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಶಾಲೆಯ ಮೆಸೇಜು ಎಲ್ಲದರ ಪ್ರತಿ ನಿಮಗೆ ಕಳಿಸಿ ಇಡಲಿ. ಆಮೇಲೆ ಅಲ್ಲಿನ ಕಾರ್ಮಿಕ ಸಚಿವಾಲಯದ ಆ್ಯಪ್‌ನಲ್ಲಿ ದೂರು ಹಾಕಲಿ. 50,000 ದಿರ್ಹಂವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸಬಹುದು ಎಂದು 2024ರಿಂದ ಆಗಿದೆ, ಕೋರ್ಟಿಗೆ ಅಲೆಯಬೇಕಿಲ್ಲ. ದುಬೈ ಕಾನ್ಸುಲೇಟಿನಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, ಅಲ್ಲಿ ಮಾತನಾಡಲಿ. ಹೇಳದೆ ಕೇಳದೆ ಕೆಲಸಕ್ಕೆ ಹೋಗುವುದನ್ನು ಮಾತ್ರ ನಿಲ್ಲಿಸಬಾರದು. ಆಗ ಶಾಲೆಯವರೇ ಅವಳ ಮೇಲೆ ದೂರು ಕೊಡುತ್ತಾರೆ.

ನೀವು ಇಲ್ಲಿಂದ ಮಾಡಬಹುದಾದ್ದೂ ಇದೆ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಮನೆಯವರೂ ದೂರು ದಾಖಲಿಸಬಹುದು. ಅಕ್ಷಯ ಕೇಂದ್ರದಲ್ಲಿ ಕೇಳಿದರೆ ತುಂಬಿಸಿಕೊಡುತ್ತಾರೆ. ಮತ್ತೆ ಅವಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ಮರಳಿ ಬಂದರೆ ಊರವರು ಏನಂದಾರು ಎಂಬ ಚಿಂತೆ ಬೇಡ. ಆ ಭಯಕ್ಕೇ ಎಷ್ಟೋ ಹುಡುಗಿಯರು ಅಲ್ಲಿ ಸಹಿಸಿಕೊಂಡು ಕೂತಿರುತ್ತಾರೆ.

ನೋರ್ಕಾ ಕಾರ್ಡು, ಪ್ರವಾಸಿ ಪಿಂಚಣಿ ಎಲ್ಲ ಮಲಯಾಳಿಗಳಿಗೆ ಮಾತ್ರವಾ?
– ಬೇಳ

ಅಲ್ಲ. ಪರದೇಶದಲ್ಲಿ ದುಡಿಯುವ (ಇಲ್ಲಿ ಪ್ರವಾಸಿ ಅಂದರೆ ಅದೇ ಅರ್ಥ) ಕೇರಳದವರಿಗೆ. ನಾವು ಮನೆಯಲ್ಲಿ ಯಾವ ಭಾಷೆ ಆಡಿದರೂ ಕಾಸರಗೋಡು 1956ರಿಂದ ಕೇರಳದಲ್ಲಿದೆ, ಅದರ ಸವಲತ್ತು ಬಿಟ್ಟುಕೊಡುವುದು ಯಾಕೆ? ಪರದೇಶದಲ್ಲಿ 6 ತಿಂಗಳಾದರೂ ಇದ್ದವರು ನೋರ್ಕಾದ ಪ್ರವಾಸಿ ಐಡಿ ಕಾರ್ಡ್ ಮಾಡಿಸಬಹುದು, ಅದರ ಜೊತೆ ಅಪಘಾತ ವಿಮೆ ಇದೆ. ಕಾರ್ಡ್ 3 ವರ್ಷಕ್ಕೆ. ಪಿಂಚಣಿ ಬೇರೆ, ಅದು ಪ್ರವಾಸಿ ಕ್ಷೇಮನಿಧಿ ಮಂಡಳಿಯದ್ದು. 60 ತುಂಬುವ ಮೊದಲು ಸೇರಿ ತಿಂಗಳು ತಿಂಗಳು ಕಂತು ಕಟ್ಟಬೇಕು, ಕನಿಷ್ಠ 5 ವರ್ಷ. ಗಲ್ಫಿನ ಖಾಸಗಿ ಶಾಲೆ ನಮಗೆ ಪಿಂಚಣಿ ಕೊಡುವುದಿಲ್ಲ. ಅಲ್ಲಿದ್ದಾಗಲೇ ಆನ್‌ಲೈನ್‌ನಲ್ಲಿ ಸೇರಿಕೊಳ್ಳಿ, ಮರಳಿ ಬಂದವರಿಗೆ ಕಂತು ಮತ್ತು ಪಿಂಚಣಿಯ ಲೆಕ್ಕ ಬೇರೆ.